ಕಲ್ಲುಮಣ್ಣು ಹೊದ್ದ ಹಿಮನದಿಗೆ ಉಪಗ್ರಹ ಚಿತ್ರದಲ್ಲಿ ಗೆರೆ ಎಳೆಯುವುದು ಹೇಗೆ?

ಪ್ರಶ್ನೆ: ಕರಾವಳಿ ಭೂಗೋಳ

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜೊಂದರಲ್ಲಿ ಭೂಗೋಳಶಾಸ್ತ್ರದ ಉಪನ್ಯಾಸಕಿ. ಉಪಗ್ರಹ ದೂರಸಂವೇದನೆಯಿಂದ ಹಿಮನದಿಗಳ ನಕ್ಷೆ ತಯಾರಿಸುವುದನ್ನು ಕಲಿಸುವ ಕಾರ್ಯಾಗಾರವೊಂದಕ್ಕೆ ಈಚೆಗೆ ಹೋಗಿ ಬಂದೆ. ಹುಟ್ಟಿದಂದಿನಿಂದ ಮಳೆಯನ್ನೂ ಜಂಬಿಟ್ಟಿಗೆ ಕಲ್ಲನ್ನೂ ನೋಡಿಕೊಂಡು ಬಂದ ನನಗೆ ಹಿಮನದಿ ಇವತ್ತಿಗೂ ಪರದೆಯ ಮೇಲಿನ ವಸ್ತುವೇ ಆಗಿರುವುದರಿಂದ, ಪ್ರಶ್ನೆ ಬಾಲಿಶವೆನಿಸಿದರೆ ಕ್ಷಮಿಸಿ.

ಅಭ್ಯಾಸಕ್ಕೆಂದು ಕೊಟ್ಟದ್ದು ಹಿಮಾಚಲದ ಲಾಹೌಲ್-ಸ್ಪಿತಿ ಜಿಲ್ಲೆಯ ಚಂದ್ರಾ ಕಣಿವೆಯ ಲ್ಯಾಂಡ್‌ಸ್ಯಾಟ್ 8 ಚಿತ್ರ. ಕೆಂಪು ಬ್ಯಾಂಡಿನ (ಉಪಗ್ರಹ ಬೇರೆಯಾಗಿ ದಾಖಲಿಸುವ ಬೆಳಕಿನ ಪಟ್ಟೆಯ) ಬೆಲೆಯನ್ನು ಕಿರುತರಂಗ ಅವಕೆಂಪು ಬ್ಯಾಂಡಿನ ಬೆಲೆಯಿಂದ ಭಾಗಿಸಿ, ಭಾಗಲಬ್ಧವು ಗೊತ್ತುಪಡಿಸಿದ ಮಿತಿಯನ್ನು ಮೀರುವ ಪಿಕ್ಸೆಲ್‌ಗಳನ್ನೆಲ್ಲ ಹಿಮವೆಂದು ಗುರುತಿಸುವ ವಿಧಾನವನ್ನು ಹೇಳಿಕೊಟ್ಟರು. ಛೋಟಾ ಶಿಗ್ರಿ ಹಿಮನದಿಯ ಮಟ್ಟಿಗೆ ಅದು ಸೊಗಸಾಗಿ ಕೆಲಸ ಮಾಡಿತು. ಪಕ್ಕದ ಬಡಾ ಶಿಗ್ರಿಗೆ ಬಂದಾಗ ಹಿಮನದಿಯ ಕೆಳಭಾಗವೇ ಮಾಯವಾಯಿತು, ಏಕೆಂದರೆ ಅಲ್ಲಿ ಮಂಜುಗಡ್ಡೆಯ ಮೇಲೆ ಕಲ್ಲುಮಣ್ಣು ಹರಡಿದೆ. ಅಲ್ಲಿ ಕೈಯಿಂದಲೇ ಗೆರೆ ಎಳೆಯಿರಿ ಎಂದರು. ಒಂದೇ ಮೇಜಿನ ನಾವು ಮೂವರು ಎಳೆದ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ, ಮೇಲ್ಭಾಗದಲ್ಲಿ ಬಹುತೇಕ ಒಂದೇ ಗೆರೆಯಂತೆ ಬಂದದ್ದು ಹಿಮನದಿ ಕೊನೆಗೊಳ್ಳುವ ಮೂತಿಯ ಬಳಿ ಬಿಚ್ಚಿದ ಜಡೆಯ ಹಾಗೆ ಮೂರು ಕಡೆಗೆ ಹೋಗಿತ್ತು. ಮೂವರಲ್ಲಿ ಯಾರದ್ದು ಸರಿ ಎಂದು ಕೇಳುವಷ್ಟರಲ್ಲಿ ಊಟದ ಹೊತ್ತಾಯಿತು. ಉತ್ತರ ಅಲ್ಲಿಗೇ ನಿಂತಿತು.

ಇಂಥ ಕಡೆ ಗೆರೆಯನ್ನು ಯಾವ ಆಧಾರದ ಮೇಲೆ ನಿಲ್ಲಿಸಬೇಕು? ಇನ್ನೊಂದು ಮಾತು: 1960ರ ದಶಕದ ಸಮೀಕ್ಷೆಯ ಟೋಪೋಶೀಟಿನೊಂದಿಗೆ (ಸ್ಥಳಾಕೃತಿ ನಕ್ಷೆಯೊಂದಿಗೆ) ಇಂದಿನ ಗೆರೆಯನ್ನು ಹೋಲಿಸಿ, ಹಿಮನದಿ ಇಷ್ಟು ಕುಗ್ಗಿದೆ ಎಂದು ವಿದ್ಯಾರ್ಥಿಗಳ ಪ್ರಾಜೆಕ್ಟಿನಲ್ಲಿ ಬರೆಸಬಹುದೇ?

ಉತ್ತರ: ಮೊರೇನ್

ಪ್ರಶ್ನೆ ಬಾಲಿಶವಲ್ಲ, ಮೇಡಂ. ಈ ಕೆಲಸದಲ್ಲಿ ಕೂದಲು ನರೆಸಿಕೊಂಡವರೂ ಮುಗ್ಗರಿಸುವ ಜಾಗವೇ ಅದು. ನಾನು ಆ ಕಣಿವೆಯಲ್ಲಿ ಕೆಲವು ಬೇಸಿಗೆ ನಡೆದಾಡಿದ್ದೇನೆ. ಅಲ್ಲಿಯ ಮಾತಿನಲ್ಲಿ ಶಿಗ್ರಿ ಎಂದರೇ ಹಿಮನದಿ. ಬಡಾ ಶಿಗ್ರಿಯ ಕೆಳಭಾಗದಲ್ಲಿ ನಿಂತವರಿಗೆ ಕಾಣುವುದು ಕಲ್ಲಿನ ಕ್ವಾರಿಯಂಥ ದೃಶ್ಯ. ಬಂಡೆಗಳ ಸಂದಿಯಲ್ಲಿ ಎಲ್ಲೋ ಒಂದು ಕಡೆ ಕಪ್ಪು ಮಂಜುಗಡ್ಡೆಯ ಗೋಡೆ ಬೆವರುವುದನ್ನು ನೋಡಿದ ಮೇಲಷ್ಟೇ ಕಾಲ ಕೆಳಗೆ ಹಿಮನದಿಯಿದೆ ಎಂದು ನಂಬಿಕೆ ಬರುತ್ತದೆ. ನೆಲದ ಮೇಲಿರುವ ಮನುಷ್ಯನಿಗೇ ಹೀಗಾದರೆ, ಎಪ್ಪತ್ತು ಹರದಾರಿಯಲ್ಲ, ಏಳುನೂರು ಕಿಲೋಮೀಟರ್ ಮೇಲಿನಿಂದ ನೋಡುವ ಉಪಗ್ರಹವನ್ನು ದೂರಿ ಫಲವಿಲ್ಲ.

ನಿಮಗೆ ಕಲಿಸಿದ ವಿಧಾನ ನಿಂತಿರುವುದು ಒಂದೇ ಗುಣದ ಮೇಲೆ. ಹಿಮವೂ ಮಂಜುಗಡ್ಡೆಯೂ ಕಣ್ಣಿಗೆ ಕಾಣುವ ಬೆಳಕನ್ನು ಚೆನ್ನಾಗಿ ಪ್ರತಿಫಲಿಸುತ್ತವೆ, ಸುಮಾರು 1.6 ಮೈಕ್ರೋಮೀಟರ್ ತರಂಗಾಂತರದ ಕಿರುತರಂಗ ಅವಕೆಂಪು ಬೆಳಕನ್ನು ಹೆಚ್ಚುಕಡಿಮೆ ನುಂಗಿಬಿಡುತ್ತವೆ. ಮೋಡ ಎರಡನ್ನೂ ಪ್ರತಿಫಲಿಸುವುದರಿಂದ ಅದು ಬೇರೆಯಾಗಿ ನಿಲ್ಲುತ್ತದೆ. ಮಂಜುಗಡ್ಡೆಯ ಮೇಲಿನ ಕಲ್ಲು ಮಾತ್ರ ಪಕ್ಕದ ಬೆಟ್ಟದ ಕಲ್ಲಿನಂತೆಯೇ ವರ್ತಿಸುತ್ತದೆ, ಏಕೆಂದರೆ ಎರಡೂ ಒಂದೇ ಕಲ್ಲು. ಈ ಕಾರಣದಿಂದ ಬ್ಯಾಂಡ್‌ಗಳನ್ನು ಎಷ್ಟು ಬಗೆಯಲ್ಲಿ ಕೂಡಿಸಿ ಭಾಗಿಸಿದರೂ ಅಲ್ಲಿ ಅಂಚು ಹುಟ್ಟುವುದಿಲ್ಲ. ಅಂದ ಹಾಗೆ, ಕೆಸರು ನೀರಿನ ಸರೋವರಗಳನ್ನು ಈ ವಿಧಾನ ಹಿಮವೆಂದು ತೋರಿಸಿ ಮೋಸ ಮಾಡುವುದೂ ಉಂಟು; ಅವನ್ನು ಕೈಯಿಂದಲೇ ಅಳಿಸಬೇಕು.

ನಾನು ಮೊದಲು ಹುಡುಕುವುದು ಮೂತಿಯಿಂದ ಹೊಳೆ ಹೊರಬೀಳುವ ಜಾಗವನ್ನು. ಭಾಗೀರಥಿಗೆ ಗೋಮುಖವಿದ್ದಂತೆ ಹಲವು ಹಿಮನದಿಗಳಿಗೆ ಒಂದು ಬಾಯಿ ಇರುತ್ತದೆ, ಹೆಚ್ಚಿನ ಸ್ಪಷ್ಟತೆಯ ಚಿತ್ರದಲ್ಲಿ ಅದು ಕಾಣುತ್ತದೆ. ಆಮೇಲೆ ಕಲ್ಲುಮಣ್ಣಿನ ನಡುವಿನ ಪುಟ್ಟ ಕೊಳಗಳನ್ನೂ ಮಂಜುಗಡ್ಡೆಯ ಕಡಿದಾದ ಗೋಡೆಗಳನ್ನೂ ನೋಡುತ್ತೇನೆ. ಅವು ಇರುವಷ್ಟು ದೂರವೂ ಕೆಳಗೆ ಮಂಜುಗಡ್ಡೆ ಇದೆಯೆಂದೇ ಲೆಕ್ಕ. ಮೂರನೆಯದು ಚಲನೆ. ಒಂದು ವರ್ಷದ ಅಂತರದ ಎರಡು ಚಿತ್ರಗಳಲ್ಲಿ ಅದೇ ಬಂಡೆಗಳ ಗುಂಪು ಕೆಳಕ್ಕೆ ಸರಿದಿದ್ದರೆ, ಅದನ್ನು ಹೊತ್ತು ತಂದದ್ದು ಹಿಮನದಿಯೇ. ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರಗಳ ಜೋಡಿಯಲ್ಲಿ ಸುತ್ತಲಿನ ನೆಲ ಸ್ಥಿರವಾಗಿ ಕಂಡು, ಅಲುಗಾಡಿದ ಭಾಗ ಮಬ್ಬಾಗಿ ಕಾಣುವುದೂ ಇದೇ ಕಾರಣಕ್ಕೆ. ಆದರೆ ಚಲನೆ ನಿಂತುಹೋದ ಹಳೆಯ ಮಂಜುಗಡ್ಡೆಯೂ ಹಿಮನದಿಯ ಭಾಗವೇ ಎಂಬುದನ್ನು ಮರೆಯಬಾರದು. ಉಪಗ್ರಹಗಳಿಂದ ಹಿಮನದಿಗಳನ್ನು ಅಳೆಯುವ ಗ್ಲಿಮ್ಸ್ ಎಂಬ ಅಂತಾರಾಷ್ಟ್ರೀಯ ಯೋಜನೆಯ ವ್ಯಾಖ್ಯೆಯಲ್ಲಿ ಕಲ್ಲುಮಣ್ಣು ಹೊದ್ದ ಭಾಗವೂ ಸೇರುತ್ತದೆ.

ಉತ್ತರ: ಅರ್ಧ ಪಿಕ್ಸೆಲ್

ಮೊರೇನ್ ಅವರು ಹೇಳಿದ್ದನ್ನು ಒಪ್ಪುತ್ತಲೇ, ನಿಮ್ಮ ಮೂರು ಗೆರೆಗಳಲ್ಲಿ ಯಾವುದು ಸರಿ ಎಂಬ ಪ್ರಶ್ನೆಯನ್ನು ಸ್ವಲ್ಪ ತಿರುಗಿಸುತ್ತೇನೆ. ಆ ಮೂರರ ನಡುವಿನ ಅಂತರವೇ ನಿಮ್ಮ ಅಳತೆಯ ಅನಿಶ್ಚಿತತೆ. ಅದನ್ನು ಅಳಿಸಿಹಾಕದೆ ಉಳಿಸಿಕೊಳ್ಳಿ. ಅನುಭವಿಗಳ ಕೈಗೇ ಒಂದೇ ಹಿಮನದಿಗಳನ್ನು ಕೊಟ್ಟು ಗೆರೆ ಎಳೆಸಿದ 2013ರ ಒಂದು ಅಧ್ಯಯನದಲ್ಲಿ, ಶುದ್ಧ ಮಂಜುಗಡ್ಡೆಯ ಕಡೆ ವ್ಯತ್ಯಾಸ ಕೆಲವೇ ಪ್ರತಿಶತವಿದ್ದರೆ, ಕಲ್ಲುಮಣ್ಣು ಹೊದ್ದ ಕಡೆ ಅದು 30 ಪ್ರತಿಶತದವರೆಗೂ ಹೋಗಿತ್ತು.

ಕಲ್ಲುಮಣ್ಣೇ ಇಲ್ಲದಿದ್ದರೂ ಪಿಕ್ಸೆಲ್‌ನ ಲೆಕ್ಕದಿಂದ ತಪ್ಪಿಸಿಕೊಳ್ಳಲಾಗದು. 2 ಕಿ.ಮೀ. ಉದ್ದ, ಅರ್ಧ ಕಿ.ಮೀ. ಅಗಲದ ಹಿಮನದಿಯೊಂದನ್ನು ಊಹಿಸಿಕೊಳ್ಳಿ. ವಿಸ್ತೀರ್ಣ 1 ಚದರ ಕಿ.ಮೀ., ಸುತ್ತಳತೆ 5 ಕಿ.ಮೀ. ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಪಿಕ್ಸೆಲ್‌ನಲ್ಲಿ ಗೆರೆ ಅರ್ಧ ಪಿಕ್ಸೆಲ್, ಅಂದರೆ 15 ಮೀಟರ್, ಅತ್ತಿತ್ತ ಆದರೆ ವಿಸ್ತೀರ್ಣದಲ್ಲಿ 7.5 ಪ್ರತಿಶತ ಏರುಪೇರಾಗುತ್ತದೆ. ಅದೇ ಆಕಾರವನ್ನು ಹತ್ತು ಪಟ್ಟು ಹಿಗ್ಗಿಸಿ 20 ಕಿ.ಮೀ. ಉದ್ದ ಮಾಡಿದರೆ ತಪ್ಪು 0.75 ಪ್ರತಿಶತಕ್ಕೆ ಇಳಿಯುತ್ತದೆ. ಸೆಂಟಿನೆಲ್-2 ಉಪಗ್ರಹದ ಚಿತ್ರ ಬಳಸಿದರೆ ಪಿಕ್ಸೆಲ್ ಎಲ್ಲವೂ 10 ಮೀಟರ್ ಎಂದು ಸಂತೋಷಪಡುವವರಿದ್ದಾರೆ. ನಮಗೆ ಬೇಕಾದ ಕಿರುತರಂಗ ಅವಕೆಂಪು ಬ್ಯಾಂಡ್ ಅದರಲ್ಲಿ 20 ಮೀಟರಿನದು. ಸಣ್ಣ ಹಿಮನದಿಯೊಂದು ಹತ್ತು ವರ್ಷದಲ್ಲಿ 5 ಪ್ರತಿಶತ ಕುಗ್ಗಿತೆಂದು ಇಂಥ ಎರಡು ಲ್ಯಾಂಡ್‌ಸ್ಯಾಟ್ ಗೆರೆಗಳಿಂದ ತೀರ್ಮಾನಿಸಿದ ವರದಿಯನ್ನು ನಾನಾದರೆ ವಾಪಸು ಕಳಿಸುತ್ತೇನೆ.

ಟೋಪೋಶೀಟಿನ ವಿಷಯದಲ್ಲಿ ನನ್ನ ಸಲಹೆ ಬೇಡವೆಂದೇ. ಆ ಹಾಳೆಗಳು ವೈಮಾನಿಕ ಛಾಯಾಚಿತ್ರಗಳಿಂದ ತಯಾರಾದವು. ಚಿತ್ರ ತೆಗೆದ ದಿನ ನೆಲದ ಮೇಲೆ ಆ ಋತುವಿನ ಹಿಮ ಉಳಿದಿದ್ದರೆ ಅದೂ ಹಿಮನದಿಯ ಲೆಕ್ಕಕ್ಕೆ ಸೇರಿದ ಸಂದರ್ಭಗಳಿವೆ. ಅದರೊಂದಿಗೆ ಇಂದಿನ ಗೆರೆಯನ್ನು ಹೋಲಿಸಿದರೆ, ಕರಗದೇ ಇದ್ದದ್ದನ್ನೂ ಕರಗಿಸಿದಂತಾಗುತ್ತದೆ. ಬದಲಿಗೆ ಅಮೆರಿಕದ ಕರೋನಾ ಬೇಹುಗಾರಿಕೆ ಉಪಗ್ರಹಗಳ ಚಿತ್ರಗಳನ್ನು ಬಳಸಿ. 1960ರಿಂದ 1972ರವರೆಗಿನ ಈ ಚಿತ್ರಗಳ ಗುಟ್ಟನ್ನು 1995ರಲ್ಲಿ ಬಿಟ್ಟುಕೊಟ್ಟರು, ಕೊನೆಯ ಸರಣಿಯವುಗಳ ಸ್ಪಷ್ಟತೆ ಸುಮಾರು 2 ಮೀಟರ್. ಅಂಚುಗಳಲ್ಲಿ ಚಿತ್ರ ಬಾಗಿರುವುದರಿಂದ ಅದನ್ನು ನೆಲಕ್ಕೆ ಹೊಂದಿಸುವ ಕೆಲಸ ತಾಳ್ಮೆ ಪರೀಕ್ಷಿಸುತ್ತದೆ, ಆದರೂ ಕಣ್ಣಿಗೆ ಕಾಣುವುದು ಹಿಮವೇ ಹಿಮನದಿಯೇ ಎಂದು ನೀವೇ ನೋಡಿ ನಿರ್ಧರಿಸಬಹುದು.

ಪ್ರತಿಕ್ರಿಯೆ: ಕರಾವಳಿ ಭೂಗೋಳ

ಇಬ್ಬರಿಗೂ ಧನ್ಯವಾದಗಳು. ಅರ್ಧ ಪಿಕ್ಸೆಲ್‌ನ ಲೆಕ್ಕವನ್ನು ನಾಳೆಯೇ ತರಗತಿಯಲ್ಲಿ ಹಲಗೆಯ ಮೇಲೆ ಬರೆಸುತ್ತೇನೆ. ಒಂದು ಅನುಮಾನ ಉಳಿದಿದೆ: ಬಡಾ ಶಿಗ್ರಿಯಂಥ ಹಿಮನದಿಯ ಮೂತಿ ಇದ್ದಲ್ಲೇ ಇದ್ದರೆ ಅದು ಕರಗುತ್ತಿಲ್ಲ ಎಂದು ತಿಳಿಯಬಹುದೇ?

ಉತ್ತರ: ಎತ್ತರದ ಲೆಕ್ಕ

ಹಾಗೆ ತಿಳಿಯಬಾರದು. ಒಂದೆರಡು ಸೆಂಟಿಮೀಟರಿಗಿಂತ ತೆಳುವಾದ ಕಪ್ಪು ದೂಳು ಬಿಸಿಲನ್ನು ಹೀರಿ ಕೆಳಗಿನ ಮಂಜುಗಡ್ಡೆಯನ್ನು ಬೇಗ ಕರಗಿಸುತ್ತದೆ. ಅದಕ್ಕಿಂತ ದಪ್ಪನೆಯ ಹೊದಿಕೆ ಭತ್ತದ ಹೊಟ್ಟಿನಲ್ಲಿ ಮುಚ್ಚಿಟ್ಟ ಐಸ್‌ನಂತೆ ಅದನ್ನು ಕಾಪಾಡುತ್ತದೆ. ಮೂತಿಯ ಬಳಿ ಹೊದಿಕೆ ಅತಿ ದಪ್ಪವಿರುವುದರಿಂದ ಅಂಚು ಹಿಂದೆ ಸರಿಯದೆ ನಿಂತಿದ್ದು, ಸ್ವಲ್ಪ ಮೇಲಿನ ಭಾಗದಲ್ಲಿ ಮೇಲ್ಮೈ ವರ್ಷ ವರ್ಷ ಕುಸಿಯುತ್ತಿರಬಹುದು. ಮೇಲಿನಿಂದ ಎಳೆದ ಗೆರೆಗೆ ಈ ಕುಸಿತ ತಿಳಿಯುವುದಿಲ್ಲ. ಅದಕ್ಕೆ ಎರಡು ಕಾಲದ ಎತ್ತರದ ಮಾದರಿಗಳನ್ನು (ನೆಲದ ಪ್ರತಿ ಬಿಂದುವಿನ ಎತ್ತರ ತೋರಿಸುವ ನಕ್ಷೆಗಳನ್ನು) ಒಂದರಿಂದ ಇನ್ನೊಂದನ್ನು ಕಳೆಯಬೇಕು. ಟೆರ್ರಾ ಉಪಗ್ರಹದ ಆಸ್ಟರ್ ಉಪಕರಣದ ಜೋಡಿಚಿತ್ರಗಳಿಂದ ಇಡೀ ಭೂಮಿಯ ಹಿಮನದಿಗಳನ್ನು ಹೀಗೆ ಅಳೆದವರು, 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 267 ಗಿಗಾಟನ್ (ಒಂದು ಗಿಗಾಟನ್ ಎಂದರೆ ನೂರು ಕೋಟಿ ಟನ್) ಮಂಜುಗಡ್ಡೆ ಕಳೆದುಹೋಗಿದೆ ಎಂದು 2021ರಲ್ಲಿ ಪ್ರಕಟಿಸಿದರು.

ಎಚ್ಚರಿಕೆಯ ಒಂದು ಮಾತು. ಫೆಬ್ರವರಿ 2000ದಲ್ಲಿ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಮಾಡಿದ ಎತ್ತರದ ಸಮೀಕ್ಷೆಯನ್ನು ಆರಂಭದ ಮಾದರಿಯಾಗಿ ಬಳಸುವವರು ಬಹಳ. ಆ ರೇಡಾರ್ ಅಲೆ ಒಣ ಹಿಮದೊಳಗೆ ಕೆಲವು ಮೀಟರ್ ಇಳಿದು ಹಿಂತಿರುಗುವುದರಿಂದ ಮೇಲ್ಮೈ ನಿಜಕ್ಕಿಂತ ತಗ್ಗಾಗಿ ದಾಖಲಾಗುತ್ತದೆ, ಕರಗಿದ್ದು ಕಡಿಮೆಯೆಂದು ಕಾಣುತ್ತದೆ. ಇನ್ನು ಆಳದ ಬಗ್ಗೆ ಆಸಕ್ತಿಯಿದ್ದರೆ ದೂರ ಹೋಗಬೇಕಿಲ್ಲ: ಮೇಲ್ಮೈಯ ವೇಗ ಮತ್ತು ಇಳಿಜಾರಿನಿಂದ ಗಂಗೋತ್ರಿ ಹಿಮನದಿಯ ದಪ್ಪವನ್ನು ಅಂದಾಜಿಸಿದ ಕೆಲಸ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಹವಾಮಾನ ಬದಲಾವಣೆಯನ್ನು ಅಧ್ಯಯನ ಮಾಡುವ ದಿವೇಚ ಕೇಂದ್ರದಲ್ಲೇ ನಡೆದಿದೆ.

ಉತ್ತರ: ಮೊರೇನ್

ಮೊದಲೇ ಹೇಳಬೇಕಿದ್ದನ್ನು ಬಿಟ್ಟಿದ್ದೆ: ಚಿತ್ರದ ದಿನಾಂಕ. ಲಾಹೌಲ್ ಮಳೆ ನೆರಳಿನ ನಾಡಾದ್ದರಿಂದ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಹೊಸ ಹಿಮ ಬೀಳುವ ಮುನ್ನ, ಒಳ್ಳೆಯ ಚಿತ್ರ ಸಿಗುತ್ತದೆ. ಸಿಕ್ಕಿಮಿಗೆ ಅದೇ ತಿಂಗಳನ್ನು ಆರಿಸಿದರೆ ಮೋಡವಷ್ಟೇ ಕಾಣುತ್ತದೆ. ಅಲ್ಲಿ ಅಕ್ಟೋಬರ್ ನಂತರದ ಚಿತ್ರ ನೋಡಿ. ಗೆರೆಯ ಜೊತೆಗಿನ ಕೋಷ್ಟಕದಲ್ಲಿ ಉಪಗ್ರಹದ ಹೆಸರು, ಚಿತ್ರದ ದಿನಾಂಕ, ಗೆರೆ ಎಳೆದವರ ಹೆಸರು, ಈ ಮೂರಕ್ಕೂ ಒಂದೊಂದು ಕಂಬಸಾಲು ಇರಲಿ. ನಿಮ್ಮ ಮೇಜಿನ ಮೂರು ಗೆರೆಗಳನ್ನೂ ಹಾಗೆಯೇ ಬೇರೆ ಬೇರೆಯಾಗಿ ಇಡಿ.