ಖಾಲಿ ಲಿಸ್ಟ್ ಎರಡನೇ ಸಲ ಖಾಲಿ ಇರುವುದಿಲ್ಲ, ಏಕೆ? ನಿಮ್ಮ ಅನುಭವ ಹೇಳಿ

ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ಒಂದು ಫಂಕ್ಷನ್ನಿನ ಪ್ಯಾರಾಮೀಟರ್‌ಗೆ ಖಾಲಿ ಲಿಸ್ಟನ್ನು ಡೀಫಾಲ್ಟ್ (ಕರೆಯುವಾಗ ಏನೂ ಕೊಡದಿದ್ದರೆ ಬಳಕೆಯಾಗುವ ಬೆಲೆ) ಆಗಿ ಕೊಟ್ಟೆ. ಮೊದಲ ಸಲ ಕರೆದಾಗ ಎಲ್ಲ ಸರಿ. ಎರಡನೇ ಸಲ ಕರೆದರೆ ಹಿಂದೆ ಸೇರಿಸಿದ್ದೂ ಅದರಲ್ಲೇ ಇದೆ! ಇಂಥವು ಇನ್ನೂ ಏನೇನಿವೆ? ನಿಮಗೆ ಎದುರಾದದ್ದನ್ನು, ಬಗೆಹರಿಸಿಕೊಂಡ ದಾರಿಯನ್ನು ದಯವಿಟ್ಟು ಹೇಳಿ.

*

ಇದು ಬಗ್ ಅಲ್ಲ. ಪೈಥಾನ್‌ನಲ್ಲಿ ಫಂಕ್ಷನ್ ಶುರುಮಾಡುವ 'ಡೆಫ್' (def) ಸಾಲೂ ಉಳಿದ ಸಾಲುಗಳಂತೆ ಓಡುವ ಒಂದು ಸಾಲು. ಅದು ಓಡಿದ ಕ್ಷಣದಲ್ಲೇ ಡೀಫಾಲ್ಟ್ ಲಿಸ್ಟ್ ಹುಟ್ಟಿ ಫಂಕ್ಷನ್ನಿಗೆ ಅಂಟಿಕೊಳ್ಳುತ್ತದೆ, ಒಂದೇ ಸಲ. ಆಮೇಲೆ ಎಷ್ಟು ಸಲ ಕರೆದರೂ ಸಿಗುವುದು ಅದೇ ಲಿಸ್ಟ್. ಡೀಫಾಲ್ಟ್ ಆಗಿ 'ನನ್' (None, 'ಏನೂ ಇಲ್ಲ' ಎನ್ನುವ ಬೆಲೆ) ಕೊಟ್ಟು, ಒಳಗೆ 'ನನ್ ಆಗಿದ್ದರೆ ಹೊಸ ಲಿಸ್ಟ್ ಮಾಡು' ಎಂದು ಬರೆಯಿರಿ. ಎಲ್ಲರೂ ಬಳಸುವ ದಾರಿ ಇದೇ.

ಇದರ ಬೇರು ಗೊತ್ತಾದರೆ ಇನ್ನೂ ಎರಡು ಗೊಂದಲ ತಾವಾಗಿ ಬಿಡಿಸಿಕೊಳ್ಳುತ್ತವೆ. ಮೂರು ಸೊನ್ನೆಗಳ ಒಂದು ಸಾಲನ್ನು ಮತ್ತೊಂದು ಲಿಸ್ಟಿನೊಳಗಿಟ್ಟು ಮೂರರಿಂದ ಗುಣಿಸಿ, ಚೌಕದ ಬೋರ್ಡ್ ಮಾಡಿ ನೋಡಿ. ಒಂದು ಮನೆ ಬದಲಿಸಿದರೆ ಆ ಕಂಬಸಾಲು ಪೂರ್ತಿ ಬದಲಾಗುತ್ತದೆ. ಅಲ್ಲಿ ಮೂರು ಸಾಲುಗಳಿಲ್ಲ. ಒಂದೇ ಸಾಲನ್ನು ಮೂರು ಕಡೆಯಿಂದ ನೋಡುತ್ತಿದ್ದೀರಿ. ಇನ್ನೊಂದು, ಲೂಪ್ ಒಳಗೆ ಲ್ಯಾಂಬ್ಡಾಗಳನ್ನು (ಹೆಸರಿಲ್ಲದ ಪುಟ್ಟ ಫಂಕ್ಷನ್‌ಗಳನ್ನು) ಮಾಡಿಟ್ಟು ಆಮೇಲೆ ಕರೆದರೆ ಎಲ್ಲವೂ ಲೂಪಿನ ಕೊನೆಯ ಬೆಲೆಯನ್ನೇ ಕೊಡುತ್ತವೆ. ಲ್ಯಾಂಬ್ಡಾ ನೆನಪಿಟ್ಟುಕೊಳ್ಳುವುದು ವೇರಿಯಬಲ್‌ನ ಹೆಸರನ್ನು, ಆ ಹೊತ್ತಿನ ಬೆಲೆಯನ್ನಲ್ಲ. ಆ ಬೆಲೆಯನ್ನು ಹಿಡಿದಿಡಬೇಕಾದರೆ ಅದನ್ನೇ ಲ್ಯಾಂಬ್ಡಾದ ಡೀಫಾಲ್ಟ್ ಮಾಡಿ. ನಿಮ್ಮನ್ನು ಕಾಡಿದ ಗುಣವೇ ಇಲ್ಲಿ ಕೈಹಿಡಿಯುತ್ತದೆ, ನನಗಂತೂ ಇದು ತುಂಬಾ ಇಷ್ಟ.

ವಿಚಿತ್ರ ಕಂಡಾಗಲೆಲ್ಲ ನಾನು ಕೇಳಿಕೊಳ್ಳುವುದು ಎರಡೇ: ಈ ಸಾಲು ಓಡುವುದು ಯಾವಾಗ? ಈ ಹೆಸರು ಈಗ ಯಾವ ವಸ್ತುವನ್ನು ತೋರಿಸುತ್ತಿದೆ?

*

ಮೇಲಿನ ಎರಡನೇ ಪ್ರಶ್ನೆಗೆ ಸೇರಿಸುತ್ತೇನೆ. ಬೆಲೆ ಹೋಲಿಸಲು 'ಈಸ್' (is) ಬಳಸಲೇಬೇಡಿ, ಎರಡು ಸಮ ಚಿಹ್ನೆ (==) ಬಳಸಿ. 'ಈಸ್' ಕೇಳುವುದು ಎರಡೂ ಒಂದೇ ವಸ್ತುವೇ ಎಂದು. ಪೈಥಾನ್ ಕೋಡನ್ನು ಓಡಿಸಲು ಸಾಮಾನ್ಯವಾಗಿ ನಾವೆಲ್ಲ ಬಳಸುವ ಪ್ರೋಗ್ರಾಂ ಸಿಪೈಥಾನ್, −5ರಿಂದ 256ರವರೆಗಿನ ಪೂರ್ಣಾಂಕಗಳನ್ನು ಮೊದಲೇ ಮಾಡಿಟ್ಟುಕೊಂಡಿರುತ್ತದೆ. ಹಾಗಾಗಿ ಚಿಕ್ಕ ಸಂಖ್ಯೆಗಳಲ್ಲಿ ಎಲ್ಲ ಸರಿಯಿದ್ದಂತೆ ಕಂಡು, 257ಕ್ಕೆ ಕೈಕೊಡಬಹುದು. 3.8ನೇ ಆವೃತ್ತಿಯಿಂದ ನೇರ ಸಂಖ್ಯೆಯೊಂದಿಗೆ 'ಈಸ್' ಬರೆದರೆ ಎಚ್ಚರಿಕೆ ಬರುತ್ತದೆ, ಅದನ್ನು ಕಡೆಗಣಿಸಬೇಡಿ. 'ನನ್' ಪರೀಕ್ಷಿಸಲು ಮಾತ್ರ 'ಈಸ್' ಸರಿಯಾದ ಆಯ್ಕೆ.

*

ನಾನು ಹೆಚ್ಚಾಗಿ ಬರೆಯುವುದು ಜಾವಾಸ್ಕ್ರಿಪ್ಟ್. ಅಲ್ಲಿ 10, 9, 1 ಇರುವ ಅರೇಯನ್ನು ಸಾರ್ಟ್ ಮಾಡಿದರೆ 1, 10, 9 ಬರುತ್ತದೆ. ಬೇರೇನೂ ಹೇಳದಿದ್ದರೆ ಅದು ಎಲ್ಲವನ್ನೂ ಸ್ಟ್ರಿಂಗ್ ಮಾಡಿಕೊಂಡು ಅಕ್ಷರಕ್ರಮದಲ್ಲಿ ಜೋಡಿಸುತ್ತದೆ. ಎರಡು ಸಂಖ್ಯೆಗಳನ್ನು ಕಳೆದು ಕೊಡುವ ಹೋಲಿಕೆ ಫಂಕ್ಷನ್ ಕೊಡಿ. ಟೆಸ್ಟ್ ಬರೆಯುವಾಗ ಒಂದಂಕಿಯ ಸಂಖ್ಯೆಗಳನ್ನಷ್ಟೇ ಹಾಕಿದರೆ ಈ ತಪ್ಪು ಎಂದಿಗೂ ಸಿಕ್ಕಿಬೀಳುವುದಿಲ್ಲ.

*

0.1ಕ್ಕೆ 0.2 ಕೂಡಿದರೆ ಸರಿಯಾಗಿ 0.3 ಬರದಿರುವುದಕ್ಕೆ ಪೈಥಾನನ್ನು ಬೈಯಬೇಡಿ; ಬೈನರಿ ಫ್ಲೋಟ್ (ದಶಮಾಂಶ ಸಂಖ್ಯೆಗಳನ್ನು ಎರಡರ ಆಧಾರದಲ್ಲಿ ಇಟ್ಟುಕೊಳ್ಳುವ ರೀತಿ) ಇರುವ ಎಲ್ಲ ಭಾಷೆಗಳಲ್ಲೂ ಹೀಗೇ. ಹಣದ ಲೆಕ್ಕಕ್ಕೆ ಪೈಥಾನ್‌ನಲ್ಲೇ ಇರುವ ಡೆಸಿಮಲ್ (Decimal) ಬಳಸಿ, ಸಂಖ್ಯೆಯನ್ನು ಸ್ಟ್ರಿಂಗ್ ಆಗಿಯೇ ಕೊಡಿ. ಪೈಥಾನ್ 3ರಲ್ಲಿ 2.5ನ್ನು ರೌಂಡ್ ಮಾಡಿದರೆ 2, 3.5ಕ್ಕೆ 4: ನಟ್ಟನಡುವಿನ ಸಂಖ್ಯೆಗಳು ಸಮಸಂಖ್ಯೆಯ ಕಡೆಗೆ ಹೋಗುತ್ತವೆ.

*

ಕೇಳಿದವಳು ನಾನೇ. 'ನನ್' ಹಾಕಿದ ಮೇಲೆ ಸರಿಯಾಯಿತು, ಎಲ್ಲರಿಗೂ ಧನ್ಯವಾದ. ಮುಂದೆ ಬ್ಯಾಷ್ (ಟರ್ಮಿನಲ್‌ನಲ್ಲಿ ಕಮಾಂಡ್ ಬರೆಯುವ ಭಾಷೆ) ಕಲಿಯಬೇಕಿದೆ, ಅಲ್ಲೇನಿದೆ?

*

ವೇರಿಯಬಲ್‌ಗೆ ಬೆಲೆ ಕೊಡುವಾಗ ಸಮ ಚಿಹ್ನೆಯ ಅಕ್ಕಪಕ್ಕ ಜಾಗ ಬಿಡಬಾರದು. ಬಿಟ್ಟರೆ ಆ ಹೆಸರನ್ನೇ ಕಮಾಂಡ್ ಎಂದುಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾದದ್ದು: ವೇರಿಯಬಲ್ ಬಳಸುವಾಗ ಸುತ್ತ ಜೋಡಿ ಉದ್ಧರಣ ಚಿಹ್ನೆ ಇರಲಿ. ಇಲ್ಲದಿದ್ದರೆ ನಡುವೆ ಜಾಗವಿರುವ ಒಂದು ಫೈಲ್ ಹೆಸರು ಎರಡು ತುಂಡಾಗುತ್ತದೆ, ಅಳಿಸುವ ಕಮಾಂಡ್ ಇದ್ದರೆ ಬೇರೆಯೇ ಫೈಲ್ ಹೋಗಬಹುದು. ಶೆಲ್‌ಚೆಕ್ ಎಂಬ ಉಚಿತ ಉಪಕರಣ ಇವೆರಡನ್ನೂ ಹಿಡಿದು ತೋರಿಸುತ್ತದೆ, ಮೊದಲ ದಿನದಿಂದಲೇ ಹಾಕಿಕೊಳ್ಳಿ.