ಹಳ್ಳಿ ಕಡೆ ನಾಲ್ಕು ದಿನ: ಈ ಸಲವಾದರೂ ಸುಸ್ತು ಕಳೆದು ಬರಬೇಕು

ಈ ವಾರ ಗುಂಪಿನಲ್ಲಿ ಉತ್ತರ ಕೊಡುತ್ತಿರುವವರು ನಿದ್ದೆ ಮತ್ತು ದಣಿವಿನ ತೊಂದರೆಗಳನ್ನು ನೋಡುವ ವೈದ್ಯೆ.

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನನಗೆ 41, ಯಜಮಾನ್ರಿಗೆ 46. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಕೆಲವು ತಿಂಗಳಿಂದ ತುಂಬಾ ಸುಸ್ತು. ನಾಲ್ಕು ದಿನ ರಜೆ ಹಾಕಿ ಹಳ್ಳಿ ಕಡೆ ಎಲ್ಲಾದರೂ ಸುಮ್ನೆ ಇದ್ದು ಬರೋಣ ಅಂತಿದ್ದೇವೆ. ಹೋದ ವರ್ಷವೂ ಒಂದು ವೆಲ್‌ನೆಸ್ ರೆಸಾರ್ಟಿಗೆ ಹೋಗಿದ್ದೆವು. ಏಳು ಗಂಟೆ ಕಾರಿನ ಪ್ರಯಾಣ. ಬೆಳಿಗ್ಗೆ ಐದೂವರೆಗೆ ಯೋಗ, ಆಮೇಲೆ ಮಸಾಜ್, ಸ್ಟೀಮ್, ಮಧ್ಯಾಹ್ನ ಒಂದು ತರಗತಿ, ಸಂಜೆ ಬೆಟ್ಟ. ದುಡ್ಡು ಕೊಟ್ಟಿದ್ದೇವಲ್ಲ ಅಂತ ಒಂದನ್ನೂ ಬಿಡಲಿಲ್ಲ. ಯಜಮಾನ್ರಂತೂ ಕೂತ ಕೂತಲ್ಲೇ ನಿದ್ದೆ ಹೋಗುತ್ತಿದ್ದರು. ಹೋಗುವಾಗ ಇದ್ದದ್ದಕ್ಕಿಂತ ಜಾಸ್ತಿ ಸುಸ್ತು ಹೊತ್ತುಕೊಂಡು ಬಂದೆವು. ಈ ಸಲ ಜಾಗ ಹೇಗೆ ಆರಿಸಲಿ?

ಉತ್ತರ: ಜಾಗ ಆಮೇಲೆ ನೋಡೋಣ. ಮೊದಲು ನಿಮ್ಮ ಸುಸ್ತು ಯಾವ ತರಹದ್ದು ಅಂತ ನೋಡಿಕೊಳ್ಳಿ. ನನ್ನ ಹತ್ತಿರ ಬರುವವರಿಗೂ ಇದನ್ನೇ ಮೊದಲು ಕೇಳುತ್ತೇನೆ. ಕೆಲವರಿಗೆ ನಿದ್ದೆ ಸಾಲದ ಸುಸ್ತು. ಕೂತರೆ ಕಣ್ಣು ಮುಚ್ಚುತ್ತದೆ. ಇನ್ನು ಕೆಲವರಿಗೆ ತಲೆಯ ಸುಸ್ತು. ಹಾಸಿಗೆಗೆ ಬಿದ್ದರೂ ನಿದ್ದೆ ಬರುವುದಿಲ್ಲ, ನಾಳೆಯ ಕೆಲಸದ ಪಟ್ಟಿ ಓಡುತ್ತಲೇ ಇರುತ್ತದೆ. ದಿನವಿಡೀ ಜನರ ಮಾತು ಕೇಳಿ ಕೇಳಿ ಬಂದ ಸುಸ್ತು ಬೇರೆ. ಮೈಯನ್ನು ಅಲ್ಲಾಡಿಸದೆ ಕುರ್ಚಿಯಲ್ಲೇ ಕೂತು ಜಡ್ಡುಗಟ್ಟಿದ ಸುಸ್ತು ಇನ್ನೂ ಬೇರೆ.

ಮೊದಲಿನವರಿಗೆ ಬೆಳಗಿನ ಐದೂವರೆಯ ಯೋಗ ಶಿಕ್ಷೆಯೇ. ಕೊನೆಯವರಿಗೆ ಅದೇ ಬೆಟ್ಟ ಔಷಧಿ. ಜನರ ಸುಸ್ತು ಇರುವವರು ಹತ್ತು ಜನ ಒಟ್ಟಿಗೆ ಊಟ ಮಾಡುವ ಜಾಗಕ್ಕೆ ಹೋದರೆ ಅಲ್ಲೂ ಮಾತು ತಪ್ಪುವುದಿಲ್ಲ. ಹೋದ ಸಲ ನೀವು ಅವರ ಪಟ್ಟಿಯ ಹಿಂದೆ ಹೋದಿರಿ. ಈ ಸಲ ನಿಮ್ಮ ಸುಸ್ತನ್ನು ನೋಡಿ ಪ್ಲಾನ್ ಮಾಡಿ.

ಜಾಗದ ವಿಷಯಕ್ಕೆ ಬಂದರೆ, ನಾಲ್ಕು ದಿನದ ರಜೆಗೆ ಮೂರು ಗಂಟೆಗಿಂತ ದೂರ ಬೇಡ ಅನ್ನುತ್ತೇನೆ. ಏಳು ಗಂಟೆ ಹೋಗಿ ಏಳು ಗಂಟೆ ಬಂದರೆ ಎರಡು ದಿನ ರಸ್ತೆಯಲ್ಲೇ ಕಳೆದ ಹಾಗೆ. ಬುಕ್ ಮಾಡುವಾಗ ಕೋಣೆಯ ಕಿಟಕಿ ಯಾವ ಕಡೆ ಇದೆ ಅಂತ ಖಂಡಿತ ಕೇಳಿ. ಕಿಟಕಿಗೆ ಯಾಕೆ ಇಷ್ಟು ಒತ್ತು ಕೊಡುತ್ತೇನೆ ಅಂದರೆ, 1984ರಲ್ಲಿ ರೋಜರ್ ಉಲ್ರಿಚ್ ಎಂಬ ಸಂಶೋಧಕರು ಅಮೆರಿಕದ ಒಂದು ಆಸ್ಪತ್ರೆಯ ದಾಖಲೆಗಳನ್ನು ನೋಡಿ ಒಂದು ವರದಿ ಬರೆದರು. ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳು. ಅರ್ಧ ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಬಲವಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಸಾಕಾಯಿತು. ಚಿಕ್ಕ ಅಧ್ಯಯನ, ನಿಜ. ಆದರೂ ದೊಡ್ಡ ಸ್ಪಾ ಇದ್ದು ಕಿಟಕಿ ಪಾರ್ಕಿಂಗ್ ಕಡೆ ಇರುವ ಕೋಣೆಗಿಂತ, ಏನೂ ಇಲ್ಲದ ಮನೆಯಲ್ಲಿ ಹೊಲದ ಕಡೆ ಕಿಟಕಿ ಇರುವ ಕೋಣೆಯನ್ನೇ ನಾನು ಆರಿಸುತ್ತೇನೆ.

ಪ್ರಶ್ನೆ (ಅವರೇ): ನನ್ನದು ತಲೆಯ ಸುಸ್ತು ಅನ್ನಿಸುತ್ತೆ ಮೇಡಂ. ರಾತ್ರಿ ಒಂದಾದರೂ ನಿದ್ದೆ ಬರುವುದಿಲ್ಲ. ಅಲ್ಲಿ ಹೋಗಿ ದಿನ ಹೇಗೆ ಕಳೆಯಲಿ?

ಉತ್ತರ: ಮೊದಲ ರಾತ್ರಿಯ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಕೆಡುವುದು ಸಹಜ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ಇದಕ್ಕೊಂದು ಕಾರಣ ತೋರಿಸಿದರು. ಆ ರಾತ್ರಿ ಗಾಢ ನಿದ್ದೆಯಲ್ಲೂ ಮಿದುಳಿನ ಎಡಭಾಗ ಪೂರ್ತಿ ಮಲಗುವುದಿಲ್ಲ. ಕಾವಲು ಕೂತ ಹಾಗೆ ಸ್ವಲ್ಪ ಎಚ್ಚರವಾಗಿಯೇ ಇರುತ್ತದೆ. ಹಾಗಾಗಿ ಎರಡನೇ ದಿನ ಬೆಳಿಗ್ಗೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ. ಮನೆಯ ದಿಂಬಿನ ಕವರ್ ತೆಗೆದುಕೊಂಡು ಹೋಗಿ. ಪರಿಚಯದ ವಾಸನೆ ಇದ್ದರೆ ಕೆಲವರಿಗೆ ಬೇಗ ಹೊಂದಿಕೊಳ್ಳುತ್ತದೆ.

ನಿಮ್ಮಂಥವರಿಗೆ ಹಳ್ಳಿಯಲ್ಲಿ ಸಿಗುವ ದೊಡ್ಡ ಲಾಭ ಬೆಳಕು. ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಮನೆ, ಆಫೀಸಿನೊಳಗಿನ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್. ಹೊರಗೆ ಮೋಡ ಇದ್ದರೂ ಹಗಲಲ್ಲಿ ಸಾವಿರಗಟ್ಟಲೆ. ಒಳ್ಳೆ ಬಿಸಿಲಿದ್ದರೆ ಒಂದು ಲಕ್ಷದ ಹತ್ತಿರ. ನಮ್ಮ ಕಣ್ಣಿಗೆ ಇಷ್ಟು ವ್ಯತ್ಯಾಸ ತಿಳಿಯುವುದಿಲ್ಲ, ಮೈಯೊಳಗಿನ ಗಡಿಯಾರಕ್ಕೆ ಚೆನ್ನಾಗಿ ತಿಳಿಯುತ್ತದೆ. 2013ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಎಂಟು ಜನರನ್ನು ಒಂದು ವಾರ ಟೆಂಟಿನಲ್ಲಿ ಇಟ್ಟರು. ಟಾರ್ಚ್ ಇಲ್ಲ, ಫೋನ್ ಇಲ್ಲ. ಬಿಸಿಲು ಮತ್ತು ರಾತ್ರಿಯ ಬೆಂಕಿ ಮಾತ್ರ. ವಾರದ ಕೊನೆಗೆ ಅವರ ಮೈಯಲ್ಲಿ ಮೆಲಟೋನಿನ್, ಅಂದರೆ ರಾತ್ರಿಯಾಯಿತು ಅಂತ ಮೈಗೆ ತಿಳಿಸುವ ಹಾರ್ಮೋನ್, ಏರುವ ಹೊತ್ತು ಸುಮಾರು ಎರಡು ಗಂಟೆ ಮುಂಚೆ ಬಂದಿತ್ತು. ತಡರಾತ್ರಿಯವರೆಗೆ ಎಚ್ಚರವಿರುತ್ತಿದ್ದವರಿಗೂ ಬೇಗ ನಿದ್ದೆ ಬರುವ ಹಾಗಾಯಿತು.

ನಾಲ್ಕು ದಿನದಲ್ಲಿ ಅಷ್ಟು ಆಗುವುದಿಲ್ಲ. ಆದರೆ ದಾರಿ ಅದೇ. ಎದ್ದ ಒಂದು ಗಂಟೆಯೊಳಗೆ ಹೊರಗೆ ಹೋಗಿ, ಅರ್ಧ ಗಂಟೆ ನಿಧಾನವಾಗಿ ನಡೆಯಿರಿ. ಏಳುವ ಸಮಯ ನಾಲ್ಕೂ ದಿನ ಒಂದೇ ಇರಲಿ. ಕತ್ತಲಾದ ಮೇಲೆ ಕೋಣೆಯ ದೀಪ ಕಡಿಮೆ ಮಾಡಿ. ಮಲಗುವ ಒಂದೆರಡು ಗಂಟೆ ಮುಂಚೆ ಬಿಸಿನೀರಿನ ಸ್ನಾನ ಮಾಡಿದರೆ ಕೈಕಾಲಿನ ರಕ್ತನಾಳಗಳು ಹಿಗ್ಗಿ ಮೈಯೊಳಗಿನ ಬಿಸಿ ಹೊರಗೆ ಹೋಗುತ್ತದೆ. ಮೈ ತಣ್ಣಗಾಗುತ್ತಾ ಬಂದಾಗಲೇ ನಿದ್ದೆ ಹತ್ತುವುದು. ಇದರ ಜೊತೆ ದಿನಕ್ಕೆ ಒಂದು ಕಾರ್ಯಕ್ರಮ, ಅದೂ ಬೇಕೆನಿಸಿದರೆ. ಮಸಾಜ್ ಇಷ್ಟವಿದ್ದರೆ ಮಾಡಿಸಿಕೊಳ್ಳಿ, ಆದರೆ ಅದಾದ ಮೇಲೆ ಎರಡು ಗಂಟೆ ಏನೂ ಬೇಡ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಸರಿಯಾಗಿ ಇದೇ ವಿಷಯ ಬಂತು, ನಾನೂ ಕೇಳಿಬಿಡುತ್ತೇನೆ. ಇಂಥ ಜಾಗಕ್ಕೆ ಹೋದಾಗಲೆಲ್ಲ ಎರಡನೇ ದಿನ ನನಗೆ ವಿಪರೀತ ತಲೆನೋವು. ಅಲ್ಲಿನವರು "ಮೈಯಲ್ಲಿರುವ ವಿಷ ಹೊರಗೆ ಹೋಗ್ತಾ ಇದೆ, ಒಳ್ಳೇದೇ" ಅಂದರು. ನಿಜವೇ?

ಉತ್ತರ: ನೀವು ದಿನಕ್ಕೆ ಎಷ್ಟು ಕಾಫಿ, ಚಹಾ ಕುಡಿಯುತ್ತೀರಿ?

ಪ್ರಶ್ನೆ (ಅವರೇ): ಆಫೀಸಿನಲ್ಲಿ ಐದಾರು ಲೋಟ ಕಾಫಿ ಆಗುತ್ತೆ. ಅಲ್ಲಿ ಕಾಫಿ ಕೊಡುವುದಿಲ್ಲ, ಬರೀ ಸೊಪ್ಪಿನ ಕಷಾಯ.

ಉತ್ತರ: ಹಾಗಾದರೆ ಕಾರಣ ಅಲ್ಲೇ ಇದೆ. ಕೆಫೀನ್ ಒಮ್ಮೆಲೇ ನಿಲ್ಲಿಸಿದರೆ 12ರಿಂದ 24 ಗಂಟೆಯಲ್ಲಿ ತಲೆನೋವು ಶುರುವಾಗುತ್ತದೆ. ಒಂದೆರಡು ದಿನದಲ್ಲಿ ಅತಿ ಜಾಸ್ತಿಯಾಗುತ್ತದೆ. ಜೊತೆಗೆ ಸಿಡಿಮಿಡಿ, ತೂಕಡಿಕೆ. ಮೈಯಲ್ಲಿ ಬೇಡವಾದದ್ದನ್ನು ಹೊರಹಾಕುವ ಕೆಲಸವನ್ನು ಲಿವರ್ ಮತ್ತು ಕಿಡ್ನಿ ವರ್ಷವಿಡೀ ಮಾಡುತ್ತಿರುತ್ತವೆ. ಅದಕ್ಕೆ ಬೇರೆ ಊರಿಗೆ ಹೋಗಬೇಕಿಲ್ಲ. ತಲೆನೋವನ್ನು ಒಳ್ಳೆಯದೆಂದು ಸಹಿಸುವುದನ್ನು ನೋಡಿದರೆ ನನಗೆ ನಿಜವಾಗಿ ಬೇಸರವಾಗುತ್ತದೆ. ಇದರಿಂದ ಎಷ್ಟೋ ಜನರ ರಜೆ ಹಾಳಾಗುತ್ತದೆ.

ಹೊರಡುವ ಹತ್ತು ದಿನ ಮುಂಚೆಯಿಂದ ಎರಡು ದಿನಕ್ಕೊಂದು ಲೋಟ ಕಡಿಮೆ ಮಾಡಿ. ಒಂದು ಲೋಟಕ್ಕೆ ಬಂದು ನಿಲ್ಲಿ. ಆ ಒಂದನ್ನು ಅಲ್ಲೂ ಬೆಳಿಗ್ಗೆ ಕುಡಿಯಿರಿ, ಬೇಕಾದರೆ ಪುಡಿ ತೆಗೆದುಕೊಂಡು ಹೋಗಿ. ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕು, ಅದಕ್ಕೇ ಮಧ್ಯಾಹ್ನದ ಮೇಲೆ ಬೇಡ ಅನ್ನುವುದು. ಒಂದು ಎಚ್ಚರಿಕೆ: ಜ್ವರ, ವಾಂತಿ, ಕತ್ತು ಬಿಗಿತ ಇರುವ ತಲೆನೋವು, ಅಥವಾ ಜೀವನದಲ್ಲೇ ಕಂಡಿರದಂಥ ತಲೆನೋವು ಒಮ್ಮೆಲೇ ಬಂದರೆ ಅದು ಕಾಫಿಯದು ಅಂತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 68. ಬಿಪಿ, ಶುಗರ್ ಎರಡೂ ಇದೆ, ಇನ್ಸುಲಿನ್ ತಗೊಳ್ತಾರೆ. ಈ ಸಲ ಅವರನ್ನೂ ಕರೆದುಕೊಂಡು ಹೋಗಬೇಕು ಅಂತ ಆಸೆ. ನಾವು ನೋಡಿರುವ ಜಾಗದಲ್ಲಿ ಸ್ಟೀಮ್, ಬಿಸಿನೀರಿನ ತೊಟ್ಟಿ, ಒಂದು ದಿನದ ಉಪವಾಸ ಎಲ್ಲ ಇದೆ. ಅವರಿಗೆ ಆಗುತ್ತಾ?

ಉತ್ತರ: ಅಮ್ಮನನ್ನು ಖಂಡಿತ ಕರೆದುಕೊಂಡು ಹೋಗಿ. ಉಪವಾಸ ಮಾತ್ರ ಅವರಿಗೆ ಬೇಡವೇ ಬೇಡ. ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. ಕೆಲವು ಶುಗರ್ ಮಾತ್ರೆಗಳಲ್ಲೂ ಹಾಗೆಯೇ. "ಇಲ್ಲಿ ಇರುವಷ್ಟು ದಿನ ಮಾತ್ರೆ ನಿಲ್ಲಿಸಿ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಔಷಧಿ ಬದಲಿಸುವ ಮಾತು ಅವರನ್ನು ನೋಡುವ ವೈದ್ಯರ ಹತ್ತಿರ ಮಾತ್ರ.

ಬಿಸಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಜನ ಅದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಸ್ಟೀಮಿನಲ್ಲಿ, ಬಿಸಿನೀರಿನಲ್ಲಿ ರಕ್ತನಾಳಗಳು ಹಿಗ್ಗುತ್ತವೆ, ಬಿಪಿ ಇಳಿಯುತ್ತದೆ. ಬಿಪಿ ಮಾತ್ರೆಯೂ ಅದನ್ನೇ ಮಾಡುತ್ತಿರುತ್ತದೆ. ಎರಡೂ ಸೇರಿದಾಗ ತಟ್ಟನೆ ಎದ್ದು ನಿಂತರೆ ಕಣ್ಣು ಕತ್ತಲೆ ಬಂದು ಬೀಳಬಹುದು. ಒದ್ದೆ ನೆಲ, 68 ವರ್ಷದ ಮೂಳೆ, ಯೋಚನೆ ಮಾಡಿ. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಮೈಗೆ ಬಿಸಿ ತಾಗಿದರೆ ಅದು ಬೇಗ ರಕ್ತಕ್ಕೆ ಸೇರುತ್ತದೆ, ಆಗಲೂ ಶುಗರ್ ಇಳಿಯುತ್ತದೆ. ಹಳೆಯ ಶುಗರ್ ಆದರೆ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರಬಹುದು. ನೀರು ಸುಡುತ್ತಿರುವುದೇ ಗೊತ್ತಾಗುವುದಿಲ್ಲ. ಅದಕ್ಕೇ ಅವರಿಗೆ ಸ್ಟೀಮ್ ಬೇಡ. ಉಗುರುಬೆಚ್ಚಗಿನ ನೀರಿನ ಸ್ನಾನ ಸಾಕು, ನೀರನ್ನು ನೀವು ಮೊದಲು ಮುಟ್ಟಿ ನೋಡಿ. ಹುಲ್ಲಿನ ಮೇಲೆ ಬರಿಗಾಲಿನ ನಡಿಗೆಯೂ ಅವರಿಗೆ ಬೇಡ. ಚೆನ್ನಾಗಿ ಹೊಂದುವ ಚಪ್ಪಲಿ ಇರಲಿ.

ಆರೋಗ್ಯವಂತರಿಗೂ ಬಿಸಿನೀರಿನ ತೊಟ್ಟಿ 40 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಹತ್ತು ಹದಿನೈದು ನಿಮಿಷ ಸಾಕು. ಕುಡಿದು ಇಳಿಯಲೇಬಾರದು. ಗರ್ಭಿಣಿಯರಿಗೆ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ, ತೊಟ್ಟಿಯೂ ಬೇಡ, ಸ್ಟೀಮೂ ಬೇಡ.

ನಿಲ್ಲಿಸಿದ ಕಾರಿನಲ್ಲಿ ಇನ್ಸುಲಿನ್ ಬಿಡಬೇಡಿ, ಐಸಿಗೆ ನೇರವಾಗಿ ತಾಗಿಸಲೂಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಮೂರು ದಿನದ ಔಷಧಿ ಜಾಸ್ತಿ ಇಟ್ಟುಕೊಳ್ಳಿ. ಹತ್ತಿರದ ಆಸ್ಪತ್ರೆ ಎಷ್ಟು ದೂರ, ರಾತ್ರಿ ವಾಹನ ಸಿಗುತ್ತದೆಯೇ, ಕೋಣೆಯಿಂದ ಫೋನ್ ಹೋಗುತ್ತದೆಯೇ, ಈ ಮೂರನ್ನು ಬುಕ್ ಮಾಡುವ ಮುಂಚೆಯೇ ಕೇಳಿ. ಸರಿಯಾದ ಉತ್ತರ ಬರದಿದ್ದರೆ ಅಮ್ಮನ ಜೊತೆ ಆ ಜಾಗಕ್ಕೆ ಹೋಗಬೇಡಿ.

ಪ್ರಶ್ನೆ: ಫೋನ್ ಪೂರ್ತಿ ಆಫ್ ಮಾಡಬೇಕಾ ಮೇಡಂ?

ಉತ್ತರ: ಬೇಕಿಲ್ಲ. ಮನೆಯಲ್ಲಿ ವಯಸ್ಸಾದವರು, ಮಕ್ಕಳು ಇದ್ದರೆ ಆಫ್ ಮಾಡಿದಾಗಲೇ ಚಿಂತೆ ಜಾಸ್ತಿ. ಆಫೀಸಿನ ಆ್ಯಪ್‌ಗಳನ್ನು ತೆಗೆದುಹಾಕಿ, ರಾತ್ರಿ ಫೋನನ್ನು ಕೋಣೆಯ ಇನ್ನೊಂದು ಮೂಲೆಯಲ್ಲಿಡಿ. ಸಾಕು.

ಪ್ರಶ್ನೆ: ನನಗೆ ಎರಡೇ ದಿನ ರಜೆ ಸಿಗುವುದು. ಎರಡು ದಿನಕ್ಕೆ ಹೋಗಿ ಪ್ರಯೋಜನ ಇದೆಯಾ, ಅಥವಾ ವರ್ಷವಿಡೀ ಕೂಡಿಟ್ಟು ಎರಡು ವಾರ ಹೋಗಲಾ?

ಉತ್ತರ: ನೆದರ್ಲೆಂಡ್ಸ್‌ನಲ್ಲಿ ಉದ್ದದ ರಜೆಗೆ ಹೋದ ಉದ್ಯೋಗಿಗಳನ್ನು ಗಮನಿಸಿದ ಒಂದು ಅಧ್ಯಯನ 2013ರಲ್ಲಿ ಬಂತು. ಎಂಟನೇ ದಿನದ ಹೊತ್ತಿಗೆ ಅವರು ಅತಿ ಹೆಚ್ಚು ಹಾಯಾಗಿದ್ದರು. ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಆ ಲಾಭ ಕರಗಿತ್ತು. ಅದಕ್ಕೇ ಕೂಡಿಡುವುದಕ್ಕಿಂತ ಆಗಾಗ ಹೋಗಿ ಅನ್ನುತ್ತೇನೆ. ಎರಡು ದಿನಕ್ಕೆ ಹೋಗುವುದಾದರೆ ಒಂದು ಗಂಟೆಯ ದಾರಿಯಲ್ಲಿ ಜಾಗ ಹುಡುಕಿ, ಪ್ರತಿ ಸಲ ಅದೇ ಜಾಗಕ್ಕೆ ಹೋಗಿ. ಪರಿಚಯದ ಕೋಣೆಯಲ್ಲಿ ಮೊದಲ ರಾತ್ರಿಯ ತೊಂದರೆಯೂ ಕಡಿಮೆ. ನಡುವಿನ ವಾರಗಳಲ್ಲಿ ಪಾರ್ಕು, ಕೆರೆ ದಡ, ಯಾವುದಾದರೂ ಸರಿ. 2019ರಲ್ಲಿ ಇಂಗ್ಲೆಂಡಿನ ಸುಮಾರು 20 ಸಾವಿರ ಜನರ ಮಾಹಿತಿ ನೋಡಿದಾಗ, ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಕಳೆಯುವವರು ತಮ್ಮ ಆರೋಗ್ಯ ಚೆನ್ನಾಗಿದೆ ಅಂತ ಹೇಳುವುದು ಹೆಚ್ಚು ಕಂಡಿತು. ಒಂದೇ ಸಲವೋ ಸ್ವಲ್ಪ ಸ್ವಲ್ಪವೋ, ಅದರಲ್ಲಿ ವ್ಯತ್ಯಾಸ ಇರಲಿಲ್ಲ.

ಪ್ರಶ್ನೆ (ಮೊದಲು ಕೇಳಿದವರು): ಮೇಡಂ, ಎರಡೂವರೆ ಗಂಟೆ ದೂರದಲ್ಲಿ ಒಂದು ತೋಟದ ಮನೆ ನೋಡಿದ್ದೇವೆ. ಕಿಟಕಿ ಮರಗಳ ಕಡೆಗೇ ಇದೆಯಂತೆ! ವಾಪಸ್ ಬಂದ ಮೇಲೆ ಏನು ಮಾಡಬೇಕು ಅಂತಲೂ ಹೇಳಿ.

ಉತ್ತರ: ಒಳ್ಳೇದಾಯಿತು. ಮಧ್ಯಾಹ್ನದೊಳಗೆ ಮನೆ ತಲುಪಿ. ಮರುದಿನವೇ ಆಫೀಸಿಗೆ ಓಡಬೇಡಿ, ಬಟ್ಟೆ ಒಗೆಯಲು, ಸುಮ್ಮನಿರಲು ಒಂದು ದಿನ ಇಟ್ಟುಕೊಳ್ಳಿ. ಮೂರು ದಿನ ಅಲ್ಲಿ, ಒಂದು ದಿನ ಮನೆಯಲ್ಲಿ ಅಂತ ಲೆಕ್ಕ ಹಾಕಿದರೂ ಸರಿ.

ನಿಮ್ಮ ಮೊದಲ ಪ್ರಶ್ನೆಯಲ್ಲಿ ಒಂದು ಮಾತು ನನಗೆ ಆಗಿನಿಂದ ಕೊರೆಯುತ್ತಿದೆ. ಯಜಮಾನ್ರು ಕೂತಲ್ಲೇ ನಿದ್ದೆ ಹೋಗುತ್ತಿದ್ದರು ಅಂದಿರಿ. ಮನೆಯಲ್ಲೂ ಹಾಗೇನಾ? ಗೊರಕೆ ಇದೆಯಾ? ಕಾರು ಓಡಿಸುವವರು ಯಾರು?

ಪ್ರಶ್ನೆ (ಅವರೇ): ಅವರೇ ಓಡಿಸುವುದು. ಗೊರಕೆ ತುಂಬಾ ಜೋರು. ಮಧ್ಯೆ ಒಂದೊಂದು ಸಲ ಉಸಿರೇ ನಿಂತ ಹಾಗಾಗಿ ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತಾರೆ. ಏಳು ಗಂಟೆ ಮಲಗಿದರೂ ಬೆಳಿಗ್ಗೆ ಸುಸ್ತು ಅನ್ನುತ್ತಾರೆ. ಕೆಲಸ ಜಾಸ್ತಿ, ಅದಕ್ಕೇ ಇರಬೇಕು ಅಂದುಕೊಂಡಿದ್ದೆವು.

ಉತ್ತರ: ಇದು ಸ್ಲೀಪ್ ಆಪ್ನಿಯಾ ಇರಬಹುದು. ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಂಡು ಹತ್ತು ಸೆಕೆಂಡು, ಕೆಲವು ಸಲ ಇನ್ನೂ ಹೆಚ್ಚು ಹೊತ್ತು ಉಸಿರು ನಿಲ್ಲುತ್ತದೆ. ಮಿದುಳು ಪ್ರತಿ ಸಲ ಎಬ್ಬಿಸುತ್ತದೆ, ಅವರಿಗೆ ನೆನಪಿರುವುದಿಲ್ಲ. ಅಂಥವರಿಗೆ ಎಷ್ಟು ಗಂಟೆ ಮಲಗಿದರೂ ಸಾಲದು, ಯಾವ ತೋಟದ ಮನೆಗೆ ಹೋದರೂ ಈ ಸುಸ್ತು ಹೋಗುವುದಿಲ್ಲ. ಬಿಪಿ ಏರುವುದಕ್ಕೂ ಇದು ಕಾರಣವಾಗುತ್ತದೆ. ಪರೀಕ್ಷೆ ಒಂದು ರಾತ್ರಿಯದು, ಹಲವರಿಗೆ ಮನೆಯಲ್ಲೇ ಮಾಡಬಹುದು. ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತದೆ. ರಜೆಗೆ ಇನ್ನೂ ಸಮಯ ಇದೆಯಲ್ಲ, ಅದಕ್ಕೂ ಮುಂಚೆ ತೋರಿಸಿ. ಅಲ್ಲಿಯವರೆಗೆ ಕಾರು ನೀವು ಓಡಿಸಿ, ಇಲ್ಲ ಅಂದರೆ ಬಸ್ಸು, ರೈಲು. ಅವರು ರಾತ್ರಿ ಉಸಿರು ಎಳೆಯುವುದನ್ನು ಎರಡು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಡಾಕ್ಟರಿಗೆ ತೋರಿಸಲು ಬೇಕಾಗುತ್ತದೆ.

ಪ್ರಶ್ನೆ (ಅವರೇ): ಇವತ್ತು ರಾತ್ರಿಯೇ ಮಾಡುತ್ತೇನೆ ಮೇಡಂ.