ಪದ ಬೇಕಿತ್ತು (ಅರ್ಜೆಂಟ್): ಮಂತ್ರಿ ಬದಲು ಕೈಕೆಳಗಿನವ್ರು ಸಹಿ ಹಾಕುದಕ್ಕೆ ಎಂತ ಹೇಳುದು?

ಮಂಗಳೂರಿಂದ:
ನಮಸ್ಕಾರ. ಲಾ ಕಾಲೇಜಿನ ಮಕ್ಕಳಿಗೆ ಒಂದು ಕೈಪಿಡಿ ಕನ್ನಡಕ್ಕೆ ಮಾಡ್ತಾ ಇದ್ದೇನೆ, ನಾಳೆ ಮಧ್ಯಾಹ್ನ ಪ್ರೆಸ್ಸಿಗೆ ಹೋಗ್ಬೇಕು. ಡೆಲಿಗೇಶನ್‌ಗೆ (ತನ್ನ ಅಧಿಕಾರ ಇನ್ನೊಬ್ರಿಗೆ ಕೊಡುದು) ಸರ್ಕಾರಿ ಕನ್ನಡದಲ್ಲಿ ‘ಪ್ರತ್ಯಾಯೋಜನೆ’ ಉಂಟು, ಗೊತ್ತು. ಆದ್ರೆ ವಿಷಯ ಹೀಗೆ: ಉತ್ತರ ಐರ್ಲೆಂಡಲ್ಲಿ 1973ರಲ್ಲಿ ಅಲ್ಲಿನ ರಾಜಕಾರಣಿ ಜೆರ್ರಿ ಆಡಮ್ಸ್ ಅವ್ರನ್ನ ಒಳಗೆ ಹಾಕಿದ ಆದೇಶಕ್ಕೆ ಸೆಕ್ರೆಟರಿ ಆಫ್ ಸ್ಟೇಟ್ (ಹೆಸ್ರು ಸೆಕ್ರೆಟರಿ, ಆದ್ರೆ ಸಂಪುಟ ದರ್ಜೆಯ ಮಂತ್ರಿ) ಬದಲು ಅವ್ರ ಕೈಕೆಳಗಿನ ಮಿನಿಸ್ಟರ್ ಆಫ್ ಸ್ಟೇಟ್ ಸಹಿ ಹಾಕಿದ್ರು, ಮೇಲಿನವ್ರೇ ಸ್ವತಃ ಯೋಚ್ನೆ ಮಾಡಿ ತೀರ್ಮಾನ ಮಾಡ್ಬೇಕಿತ್ತು, ಹಾಗಾಗಿ ಸೆರೆಯೇ ಅಕ್ರಮ, ತಪ್ಪಿಸಿಕೊಳ್ಲಿಕ್ಕೆ ನೋಡಿದ್ದಕ್ಕೆ ಕೊಟ್ಟ ಶಿಕ್ಷೆಯೂ ರದ್ದು ಅಂತ 2020ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಹೇಳಿತು. ನಾನು ‘ರಾಜ್ಯ ಕಾರ್ಯದರ್ಶಿ’, ‘ರಾಜ್ಯ ಸಚಿವ’ ಅಂತ ಹಾಕಿದ್ದೆ. ಮಗಳು ಓದಿ, ಕಾರ್ಯದರ್ಶಿಗಿಂತ ಸಚಿವ ದೊಡ್ಡವನಲ್ವಾ ಅಪ್ಪ, ಮತ್ತೆಂತ ತಪ್ಪು ಅಂತ ಕೇಳಿದ್ಳು.

ಉಡುಪಿಯಿಂದ:
> ‘ಪ್ರತ್ಯಾಯೋಜನೆ’ ಉಂಟು, ಗೊತ್ತು
ಅದು ಕನ್ನಡವಾ? ಹಿಂದಿಯ ಪ್ರತ್ಯಾಯೋಜನ್‌ಗೆ ಒಂದು ಎಕಾರ ಅಂಟಿಸಿದ್ದು. ಬಿಡಿಸಿ ನೋಡಿದ್ರೆ ನಮ್ಮ ಕಾರ್ಯಕ್ರಮದ ಎದುರು ಯಾರೋ ಇನ್ನೊಂದು ಕಾರ್ಯಕ್ರಮ ಇಟ್ಟ ಹಾಗೆ ಕೇಳ್ತದೆ. ‘ವಹಿಸಿಕೊಡು’ ಅನ್ನಿ, ಅಚ್ಚಗನ್ನಡ, ಮುಗೀತು.

ಕೊಡಿಯಾಲಬೈಲಿಂದ:
‘ವಹಿಸು’ ಅಚ್ಚಗನ್ನಡವಾ ಸ್ವಾಮಿ! ಸಂಸ್ಕೃತದ ವಹ್ ಧಾತು. ಕಿಟ್ಟೆಲ್ ನಿಘಂಟು 1894ರಲ್ಲಿ ಇಲ್ಲೇ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಲ್ಲಿ ಅಚ್ಚಾದ್ದು, ತೆಗ್ದು ನೋಡ್ಲಿಕ್ಕೆ ಎಂತ ಕಷ್ಟ? ನಮ್ಮಲ್ಲಿ ಮೊದಲಿಂದ ‘ಮುಖ್ತ್ಯಾರ’ ಉಂಟು, ಅದನ್ನೇ ಹಾಕಿ. ದೊಡ್ಡಪ್ಪ ಮುಂಬೈಲಿದ್ದಾಗ ಮೂಡಬಿದ್ರೆ ಜಾಗಕ್ಕೆ ಅಪ್ಪನಿಗೆ ಮುಖ್ತ್ಯಾರ್ ನಾಮೆ (ಪವರ್ ಆಫ್ ಅಟಾರ್ನಿ) ಬರ್ದು ಕೊಟ್ಟಿದ್ರು, ಅಪ್ಪ ಸೊಂಟನೋವು ಅಂತ ನನ್ನನ್ನ ಸಹಿಗೆ ಕಳ್ಸಿದ್ರು. ಸಬ್‌ರಿಜಿಸ್ಟ್ರಾರ್ ಕಾಗದ ನಾಲ್ಕು ಮಡಿಕೆ ಮಾಡಿ ವಾಪಸ್ ಕೊಟ್ರು, ಮುಖ್ತ್ಯಾರನಿಗೆ ಇನ್ನೊಬ್ಬ ಮುಖ್ತ್ಯಾರ ಇಲ್ಲ ಮಾರಾಯ ಅಂತ. 1872ರ ಕರಾರು ಕಾಯ್ದೆಯ 190ನೇ ಸೆಕ್ಷನ್ನಿನ ಸಾರ ಅಷ್ಟೇ.

ಉಡುಪಿಯಿಂದ:
ಸಂಸ್ಕೃತ ತಪ್ಪಿಸ್ಲಿಕ್ಕೆ ಅರಬ್ಬಿಗೆ ಓಡುದಾ? ಚಂದ ಉಂಟು. ಹಾಗಾದ್ರೆ ‘ಒಪ್ಪಿಸು’ ಅನ್ನಿ. ಕೃಷ್ಣಮಠದಲ್ಲಿ ಪರ್ಯಾಯ ಸ್ವಾಮಿಗಳಿಗೆ ಆಗದಿದ್ರೆ ಮಹಾಪೂಜೆ ಮಾಡ್ಲಿಕ್ಕೆ ಅಷ್ಟಮಠದ ಇನ್ನೊಬ್ಬ ಯತಿಗಳೇ ಬರ್ಬೇಕು, ಮಠದ ಮ್ಯಾನೇಜರ್ ಅಲ್ಲ. ಅದಕ್ಕೆ ಯಾರಾದ್ರೂ ಪ್ರತ್ಯಾಯೋಜನೆ ಅಂದದ್ದು ಕೇಳಿದ್ದೀರಾ?

ಮಣಿಪಾಲದಿಂದ:
ಕೇಳಿದವ್ರಿಗೆ ನಾಳೆ ಮಧ್ಯಾಹ್ನಕ್ಕೆ ಬೇಕು, ನೀವಿಬ್ರು ಧಾತು ಎಳೀತಾ ಕೂತಿದ್ದೀರಿ. ‘ಒಪ್ಪಿಸು’ ಅಂದ್ರೆ ಕೊಟ್ಟವ್ರ ಕೈ ಖಾಲಿ. ಪ್ರತ್ಯಾಯೋಜನೆಯಲ್ಲಿ ಕೊಟ್ಟವ್ರ ಅಧಿಕಾರ ಎಲ್ಲಿಗೂ ಹೋಗುದಿಲ್ಲ, ಬೇಕಾದಾಗ ವಾಪಸ್ ತಗೊಳ್ಬಹುದು, ಆದ್ರೆ ಕೊಡ್ಲಿಕ್ಕೆ ಕಾಯ್ದೆಯಲ್ಲಿ ಜಾಗ ಇರ್ಬೇಕು. ಇಲಾಖೆಯವ್ರು ಮಂತ್ರಿ ಹೆಸ್ರಲ್ಲಿ ಮಾಡುದು ಬೇರೆ. ಅದು ಮಂತ್ರಿಯೇ ಮಾಡಿದ ಹಾಗೆ ಅಂತ ಇಂಗ್ಲೆಂಡಿನ 1943ರ ಕಾರ್ಲ್‌ಟೋನಾ ಕೇಸಲ್ಲಿ ಹೇಳಿದ್ರು, ನಮ್ಮಲ್ಲಿ ಸುಪ್ರೀಂ ಕೋರ್ಟಿನ 1970ರ ಸಂಜೀವಿ ನಾಯ್ಡು ತೀರ್ಪೂ ಅದೇ ದಾರಿ. ಸರ್ಕಾರಿ ಆದೇಶದ ಕೊನೆ ನೋಡಿ, ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’, ಅದ್ರ ಕೆಳಗೆ ಸಹಿ ಅಧೀನ ಕಾರ್ಯದರ್ಶಿಯದ್ದು. ಅಲ್ಲಿ ಯಾರೂ ಯಾರಿಗೂ ಎಂತದೂ ಕೊಟ್ಟಿಲ್ಲ. ಆಡಮ್ಸ್ ಕೇಸಲ್ಲಿ ಜಗಳ ಬಂದದ್ದು ಇದೇ ಎರಡನೇದ್ರಲ್ಲಿ, ಈ ಸಲುಗೆ ಆ ಆದೇಶಕ್ಕೆ ಇಲ್ಲ ಅಂತ. ಹಾಗಾಗಿ ಪ್ರತ್ಯಾಯೋಜನೆ ಹಾಕ್ಬೇಡಿ, ‘ಹೆಸರಿನಲ್ಲಿ’ ಅಥವಾ ‘ಪರವಾಗಿ’ ಅನ್ನಿ. ‘ಉಪಮಂತ್ರಿ’ಯೂ ಬೇಡ, ನಮ್ಮಲ್ಲಿ ಅದು ಬೇರೆಯೇ ದರ್ಜೆ.

ಕೊಡಿಯಾಲಬೈಲಿಂದ:
ಹೆಸ್ರಲ್ಲಿ, ಪರವಾಗಿ, ಇದೆಲ್ಲ ಪದವಾ? ವಿವರಣೆ.

ಮಂಗಳೂರಿಂದ:
ಪ್ರೆಸ್ಸಿನವ್ರು ಎರಡು ಸಲ ಫೋನ್ ಮಾಡಿ ಆಯ್ತು. ‘ಸಂಪುಟ ಸಚಿವರ ಹೆಸರಿನಲ್ಲಿ ಕಿರಿಯ ಸಚಿವರು ಸಹಿ ಹಾಕಿದರು’ ಅಂತ ಬರ್ದು ಕಳ್ಸಿದ್ದೇನೆ, ಮಗಳಿಗೂ ಅರ್ಥ ಆಯ್ತು. ‘ಸಂಪುಟ’ ಯಾವ ಭಾಷೆಯದ್ದು ಅಂತ ದಯವಿಟ್ಟು ನಾಳೆ ಸಂಜೆ ಮೇಲೆ ಹೇಳಿ.